ಬೆಲೆಯಿಲ್ಲದ ವಿದ್ಯೆಯ ಋಣ

ಧಾನ್ಯವನ್ನು ಕಡ ತಂದವನು ಧಾನ್ಯವನ್ನೇ ಹಿಂದಿರುಗಿಸಿ ಋಣಮುಕ್ತನಾಗುವನು. ನಮ್ಮ ಸೀಮೆಯಲ್ಲಿ ಮುಯ್ಯಾಳಿಗೆ ಬಂದ ನೆರೆಯವನ ತೋಟಕ್ಕೆ ನಾವೂ ಒಂದು ದಿನ ಹೋಗಿ ದುಡಿದರೆ ಲೆಕ್ಕ ಮುಗಿಯುವದು. ಆದರೆ ವಿದ್ಯೆಯನ್ನು ಪಡೆದವನ ಋಣವು ತೀರುವ ಬಗೆ ಯಾವದು? ಅದರಲ್ಲಿಯೂ, ಕೊಟ್ಟವನು ನಾವು ಎಂದೂ ಕಾಣದವನು, ಕಡಲಾಚೆಯವನು, “ಉಪಯೋಗವಾದರೆ ಇಷ್ಟು ಕಳುಹಿಸು” ಎಂದು ಒಂದೇ ಮಾತು ಬರೆದಿಟ್ಟು ಸುಮ್ಮನಾದವನು ಆಗಿದ್ದರೆ? ಪಾಠಶಾಲೆಯಲ್ಲಿ ಕಲಿತ ನನಗೆ ಈ ಪ್ರಶ್ನೆಯು ಶಾಸ್ತ್ರಗ್ರಂಥದಿಂದ ಹುಟ್ಟಬೇಕಾಗಿತ್ತು. ಹುಟ್ಟಿದ್ದು ಒಂದು ಹಳೆಯ ಗಣಕಯಂತ್ರದಿಂದ. ವಾಚಕರು ನಗದೆ ಕೇಳಬೇಕೆಂದು ಪ್ರಾರ್ಥನೆ.

1998ರ ಸುಮಾರಿಗೆ ನಾನು ಕೆಲಸದಲ್ಲಿದ್ದ ಪ್ರೌಢಶಾಲೆಗೆ ದಾನಿಗಳೊಬ್ಬರು ತಾವು ಬಳಸಿ ಬಿಟ್ಟ ಒಂದು ಗಣಕಯಂತ್ರವನ್ನು ಕೊಟ್ಟರು. ನನ್ನ ಹಳೆಯ ಶಿಷ್ಯನೊಬ್ಬನು ಆಗ ಕಾಲೇಜಿನಲ್ಲಿ ಓದುತ್ತಿದ್ದವನು, ಹವ್ಯಾಸಕ್ಕಾಗಿ ಪ್ರೋಗ್ರಾಮು ಬರೆಯುತ್ತಿದ್ದನು. ಪರೀಕ್ಷೆಯ ಅಂಕಪಟ್ಟಿಯನ್ನು ಯಂತ್ರವೇ ಕೂಡಿಸಿ, ದರ್ಜೆ ಹಚ್ಚಿ, ಮುದ್ರಿಸಿ ಕೊಡುವಂತೆ ಅವನು ಮಾಡಿಕೊಟ್ಟನು. ಎಲ್ಲವನ್ನೂ ನೀನೇ ಬರೆದೆಯಾ ಎಂದು ಕೇಳಿದಾಗ ಹುಡುಗನು ಮುಚ್ಚುಮರೆಯಿಲ್ಲದೆ ಒಂದು ಫ್ಲಾಪಿಯನ್ನು ತೋರಿಸಿದನು. ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವದು, ಪರದೆಯ ಮೇಲೆ ಚೌಕಟ್ಟು ಎಳೆಯುವದು, ತಾರೀಖಿನಿಂದ ವಾರವನ್ನು ತಿಳಿಯುವದು—ಇಂಥ ಸಿದ್ಧವಿಧಿಗಳು ಅದರಲ್ಲಿ ನೂರಾರು ಇದ್ದವು. ಇದಕ್ಕೆ ಅವರ ಪರಿಭಾಷೆಯಲ್ಲಿ ಲೈಬ್ರರಿ ಎಂದು ಹೆಸರು. ನನಗೆ ಥಟ್ಟನೆ ನೆನಪಾದದ್ದು ಧಾತುಪಾಠ. ಪಾಣಿನೀಯರು ಧಾತುಗಳನ್ನು ಒಮ್ಮೆ ಪಟ್ಟಿಮಾಡಿಟ್ಟರು. ಆಮೇಲಿನ ಯಾವ ವೈಯಾಕರಣನೂ ಅವನ್ನು ಹೊಸದಾಗಿ ಎಣಿಸುತ್ತ ಕೂಡ್ರಬೇಕಾಗಿಲ್ಲ.

ಪ್ರತಿಯೊಂದು ವಿಧಿಯ ನೆತ್ತಿಯ ಮೇಲೆ, ಯಂತ್ರವು ಓದದೆ ಬಿಡುವ, ಮನುಷ್ಯರು ಮಾತ್ರ ಓದಲೆಂದು ಆವರಣಚಿಹ್ನೆಗಳ ನಡುವೆ ಬರೆದ ನಾಲ್ಕು ಸಾಲುಗಳಿದ್ದವು. ಕರ್ತೃವಿನ ಹೆಸರು, ಊರು. ಯಾರಿಗೆ ಬೇಕಾದರೂ ಪ್ರತಿಮಾಡಿ ಕೊಡಬಹುದೆಂಬ ಅನುಮತಿ. ನಿತ್ಯದ ಕೆಲಸಕ್ಕೆ ಬಳಸಿಕೊಂಡರೆ ಇಪ್ಪತ್ತು ಡಾಲರು ಕಳುಹಿಸಬೇಕೆಂಬ ವಿನಂತಿ. ಮತ್ತು ಈ ಸಾಲುಗಳನ್ನು ತೆಗೆಯಬಾರದೆಂಬ ಕೇಳಿಕೆ.

ಈ ಪದ್ಧತಿಗೆ ಶೇರ್‌ವೇರ್ ಎನ್ನುವರು. ಅದರ ಹಿನ್ನೆಲೆಯನ್ನು ಶಿಷ್ಯನಿಂದಲೇ ಕೇಳಿ, ಮುಂದೆ ಓದಿ ತಿಳಿದುಕೊಂಡೆನು. 1976ರಲ್ಲಿ ಬಿಲ್ ಗೇಟ್ಸ್ ಎಂಬ ತರುಣನು ಅಮೆರಿಕೆಯ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ತಮ್ಮ ಬೇಸಿಕ್ ಭಾಷೆಯ ತಂತ್ರಾಂಶವನ್ನು ಬಹುಮಂದಿ ಬೆಲೆ ಕೊಡದೆ ಪ್ರತಿಮಾಡಿಕೊಂಡರೆಂದೂ ಇದು ಕಳವೆಂದೂ ದೂರಿದನು. ಪ್ರತಿಮಾಡುವವರನ್ನು ತಡೆಯುವದು ಅಸಾಧ್ಯವಾದರೆ ಅವರನ್ನು ನಂಬಿಯೇ ನೋಡೋಣವೆಂದು 1982ರಲ್ಲಿ ಆಂಡ್ರೂ ಫ್ಲೂಗೆಲ್‌ಮನ್ ಮತ್ತು ಜಿಮ್ ನಾಫ್ ಎಂಬಿಬ್ಬರು ಹೊರಟರು. ಮೊದಲನೆಯವನು ತನ್ನ ಪಿಸಿ-ಟಾಕ್ ಎಂಬ ತಂತ್ರಾಂಶವನ್ನು ಹಂಚಿ, ಮೆಚ್ಚಿದವರು 25 ಡಾಲರು ಕಳುಹಿಸಿರೆಂದನು. ಮರುವರ್ಷ ಬಾಬ್ ವಾಲೇಸನು ಪಿಸಿ-ರೈಟ್ ಎಂಬದನ್ನು ಹೀಗೆಯೇ ಬಿಟ್ಟನು. ಶೇರ್‌ವೇರ್ ಎಂಬ ಹೆಸರು ರೂಢಿಗೆ ಬಂದದ್ದು ಅವನಿಂದ. ಅದೇ 1983ರಲ್ಲಿ ಟರ್ಬೊ ಪಾಸ್ಕಲ್ 50 ಡಾಲರಿಗೂ ಐದು ಸೆಂಟು ಕಡಮೆ ಬೆಲೆಗೆ ಹೊರಬಂದಿತಾದ್ದರಿಂದ ಬಡ ಹವ್ಯಾಸಿಯೂ ಪ್ರೋಗ್ರಾಮು ಬರೆಯುವಂತಾಯಿತು. ಬರೆದದ್ದನ್ನು ಒಬ್ಬರಿಗೊಬ್ಬರು ಕೊಟ್ಟರು. ಹೀಗೆ ಕೈಯಿಂದ ಕೈಗೆ ದಾಟಿದ ಒಂದು ಕಂತೆಯೇ ನಮ್ಮ ಶಾಲೆಯ ಮೇಜಿನ ಮೇಲೆ ಬಂದು ಬಿದ್ದದ್ದು.

“ಸಾರ್, ನಾವು ಪ್ರತಿ ಮಾಡಿಕೊಂಡರೆ ಅವರದ್ದೇನೂ ಕಡಮೆಯಾಗುವದಿಲ್ಲವಲ್ಲ” ಎಂದನು ಶಿಷ್ಯ. ನಾನು ತಲೆದೂಗಿದೆನು. ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ಪ್ರತಿವರ್ಷ ಎಂಟನೆಯ ತರಗತಿಗೆ ಪಾಠ ಹೇಳಿದವನು ನಾನೇ ಅಲ್ಲವೆ? ಆದರೆ ಆ ಮಾತು ಕೊಡುವವನಿಗೆ ಹೇಳಿದ್ದು. ಕೊಳ್ಳುವವನು ಅದನ್ನು ತನ್ನ ರಸೀದಿಯಾಗಿ ತೋರಿಸಬಹುದೆ ಎಂಬದನ್ನು ಆಗ ನಾನು ವಿಚಾರಿಸಲಿಲ್ಲ.

ಕಾಳಿದಾಸನ ರಘುವಂಶದಲ್ಲಿ ಕೌತ್ಸನ ಕಥೆ ವಾಚಕರಿಗೆ ತಿಳಿದದ್ದೇ. ಗುರು ವರತಂತುವು, ನಿನ್ನ ಸೇವೆಯೇ ದಕ್ಷಿಣೆಯೆಂದು ಬಿಟ್ಟರೂ ಕೌತ್ಸನು ಬಿಡದೆ ಪೀಡಿಸಿದನು. ಸಿಟ್ಟಿಗೆದ್ದ ಗುರುವು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಾ ಎಂದನು. ಬಾಲ್ಯದಲ್ಲಿ ಓದುವಾಗ ನನಗೆ ಕೌತ್ಸನದು ಮೂಢ ಹಟವೆಂದೇ ತೋರಿತ್ತು. ಈಗ ಹಾಗೆ ತೋರುವದಿಲ್ಲ. ದಕ್ಷಿಣೆ ಬೇಡವೆನ್ನುವ ಅಧಿಕಾರವು ಗುರುವಿಗೆ ಮಾತ್ರ ಉಂಟು. ಗುರುವು ಬೇಕೆಂದು ಬರೆದಿಟ್ಟಿರುವಾಗ ಶಿಷ್ಯನೇ ಗುರುವಿನ ಪೀಠವನ್ನೇರಿ “ಬೇಡ, ನಿನ್ನ ಮೆಚ್ಚುಗೆಯೇ ಸಾಕು” ಎಂದು ತನಗೆ ತಾನೇ ಹೇಳಿಕೊಳ್ಳುವದು ಎಲ್ಲಿಯ ನ್ಯಾಯ? ನಾವು ಮಾಡಿದ್ದು ಅದನ್ನೇ. ಇಪ್ಪತ್ತು ಡಾಲರೆಂದರೆ ಆಗ ಎಂಟುನೂರು ರೂಪಾಯಿಗೂ ಮಿಕ್ಕಿ. ಕಳುಹಿಸುವ ದಾರಿಯೂ ಹುಲೇಕಲ್ಲಿನಂಥ ಊರಲ್ಲಿ ಸುಲಭವಾಗಿರಲಿಲ್ಲ. ಇವು ಕಾರಣಗಳು ಹೌದು. ಆದರೆ ಒಂದು ಕಾಗದವನ್ನಾದರೂ ಬರೆಯಬಹುದಿತ್ತು. ಅಂಚೆಪೆಟ್ಟಿಗೆ ಶಾಲೆಯ ಗೇಟಿನ ಬಳಿಯಲ್ಲಿಯೇ ಇತ್ತು.

ಹಣ ಕೇಳಿದ ಮೇಲೆ ಅದು ದಾನವೇನು, ವ್ಯಾಪಾರವಲ್ಲವೆ ಎನ್ನುವವರುಂಟು. ಹೊಟ್ಟೆಪಾಡಿಗೆಂದೇ ವಿದ್ಯೆಯನ್ನಿಟ್ಟುಕೊಂಡವನನ್ನು ಮಾಲವಿಕಾಗ್ನಿಮಿತ್ರದಲ್ಲಿ ಕಾಳಿದಾಸನೇ ವ್ಯಾಪಾರಿಯೆನ್ನಿಸಿದ್ದಾನೆ. ಸಂಬಳ ಪಡೆದು ಕಲಿಸುವ ಭೃತಕಾಧ್ಯಾಪಕನನ್ನು ಮನುವು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಟ್ಟಿದ್ದಾನೆ. ಮೂವತ್ತಕ್ಕೂ ಹೆಚ್ಚು ವರ್ಷ ಸಂಬಳ ಎಣಿಸಿಕೊಂಡು ಈಗ ನಿವೃತ್ತಿವೇತನವನ್ನು ಉಣ್ಣುತ್ತಿರುವ ನಾನು ಆ ವಿಷಯದಲ್ಲಿ ಹೆಚ್ಚು ಮಾತಾಡದಿರುವದೇ ಲೇಸು. ಆದರೂ ಇಷ್ಟು ಹೇಳಬಹುದು: ಪಾಠಶಾಲೆಯಲ್ಲಿ ನಮಗೆ ವಿದ್ಯೆ ಪುಕ್ಕಟೆಯಾಗಿ ಸಿಕ್ಕಿತೆನ್ನುವದು ಬರಿಯ ಮಾತು. ವಾರಾನ್ನದ ಮನೆಗಳ ಗೃಹಿಣಿಯರು ನಸುಕಿನಲ್ಲೆದ್ದು ಒಲೆ ಹಚ್ಚಿ ಅದರ ಬೆಲೆಯನ್ನು ತೆತ್ತರು. ಬೆಲೆ ಇಲ್ಲದ ವಿದ್ಯೆ ಇಲ್ಲ. ತೆತ್ತವನು ಬೇರೆ, ಪಡೆದವನು ಬೇರೆ ಆಗಿರಬಹುದು. ರಾತ್ರಿ ನಿದ್ದೆಗೆಟ್ಟು ಆ ವಿಧಿಗಳನ್ನು ಬರೆದವನು ಮೊದಲು ಉಪಯೋಗಿಸು, ಆಮೇಲೆ ಕೊಡು ಎಂದನು. ವ್ಯಾಪಾರಿಯು ಹೀಗೆ ಹೇಳುವದನ್ನು ನಾನಂತೂ ಶಿರಸಿಯ ಪೇಟೆಯಲ್ಲಿ ಕಂಡಿಲ್ಲ.

ಇನ್ನು ಹೆಸರಿನ ಮಾತು. ನನ್ನ ಅಭಿಪ್ರಾಯದಲ್ಲಿ ಹಣಕ್ಕಿಂತ ಇದು ದೊಡ್ಡದು. ವೇದಮಂತ್ರವನ್ನು ಹೇಳುವ ಮೊದಲು ಅದರ ಋಷಿ, ಛಂದಸ್ಸು, ದೇವತೆಗಳನ್ನು ಸ್ಮರಿಸಬೇಕೆಂಬದು ಸಂಪ್ರದಾಯ. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಸೂಕ್ತಸೂಕ್ತಕ್ಕೂ ಇವನ್ನು ಹೇಳಿಟ್ಟಿದೆ. ಋಷಿಯ ಹೆಸರನ್ನು ಬಿಟ್ಟರೂ ಮಂತ್ರದ ಒಂದಕ್ಷರವೂ ಕೆಡುವದಿಲ್ಲ; ಆವರಣದ ಸಾಲುಗಳನ್ನು ಅಳಿಸಿದರೂ ಪ್ರೋಗ್ರಾಮು ಮೊದಲಿನಂತೆಯೇ ನಡೆಯುವದು. ಆದುದರಿಂದಲೇ ಅದನ್ನು ಕಾಯುವ ಭಾರವು ಪೂರ್ತಿಯಾಗಿ ನಮ್ಮ ಮೇಲೆ ಬೀಳುವದು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ವರ್ಣಮಾಲೆಯನ್ನು ಉಚ್ಚಾರಕ್ಕನುಗುಣವಾಗಿ ಹೊಂದಿಸಿದರು. ‘ಕೆ’ ಕೀಲಿಯಲ್ಲಿ ಕಕಾರ, ಅದನ್ನೇ ಶಿಫ್ಟ್ ಒತ್ತಿ ಹೊಡೆದರೆ ಖಕಾರ, ಒತ್ತಕ್ಷರಕ್ಕೆ ‘ಎಫ್’. ವರ್ಣಮಾಲೆಯ ಮರ್ಮವನ್ನು ಬಲ್ಲವನು ಮಾಡಬಹುದಾದ ಕೆಲಸ ಅದು. ಅದಕ್ಕಾಗಿ ಅವರು ಕನ್ನಡಿಗರಿಂದ ಹಣ ಬೇಡಲಿಲ್ಲ. ತಮ್ಮ ತಂತ್ರಾಂಶಕ್ಕೆ ತಮ್ಮ ಹೆಸರನ್ನೂ ಇಡದೆ, ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಾಗಿ ಸೇಡಿಯಾಪು ಎಂದು ಹೆಸರಿಟ್ಟರು. ಸರಕಾರವು ಆ ವಿನ್ಯಾಸವನ್ನೇ ಕೊಂಚ ಮಾರ್ಪಡಿಸಿ ಶಿಷ್ಟವೆಂದು ಅಂಗೀಕರಿಸಿತು. ಕಚೇರಿಗಳ ಗುಮಾಸ್ತರು ದಿನವೂ ಅದರ ಮೇಲೆ ಬೆರಳಾಡಿಸುವರು. ಹೆಸರು ಕೇಳಿದರೆ ಹತ್ತರಲ್ಲಿ ಎಷ್ಟು ಮಂದಿ ಹೇಳಿಯಾರು? 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ವನ್ನು ಉಚಿತವಾಗಿ ಕೊಟ್ಟಾಗ ಹೊಗಳದವರಿಲ್ಲ. ಮುಂದೆ ಅದಕ್ಕೆ ಬೆಲೆ ಇಟ್ಟಾಗ, ಅಷ್ಟು ವರ್ಷ ಉಂಡವರೇ ಗೊಣಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಗೊಣಗಿದವರನ್ನು ದೂರುವ ಯೋಗ್ಯತೆ ನನಗಿಲ್ಲವೆಂಬದನ್ನೂ ಇಲ್ಲಿಯೇ ಬರೆಯಬೇಕಾಗಿದೆ. ಆ ವರ್ಷ ಶಾಲೆಯ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಪ್ರೋಗ್ರಾಮನ್ನು ತೆರೆದೊಡನೆ ಪರದೆಯ ಮೇಲೆ ಆ ಪರದೇಶದವನ ಹೆಸರು ಮೂಡುತ್ತಿತ್ತು. ಶಿಷ್ಯನು ನಿಯತ್ತಿನಿಂದ ಹಾಗೆ ಮಾಡಿದ್ದನು. “ಅದನ್ನು ತೆಗೆದು ಶಾಲೆಯ ಹೆಸರು ಹಾಕು, ಕೆಳಗೆ ನಿನ್ನ ಹೆಸರಿರಲಿ” ಎಂದು ಹೇಳಿದವನು ನಾನು. “ತೆಗೆಯಬಾರದೆಂದು ಬರೆದಿದ್ದಾರೆ ಸಾರ್” ಎಂದು ಅವನು ಒಮ್ಮೆ ಅಂದನು. ಎರಡನೆಯ ಸಲ ಅನ್ನಲಿಲ್ಲ, ಮೇಷ್ಟರ ಮಾತು. ಒಳಗಿನ ಸಾಲುಗಳನ್ನೂ ಅಳಿಸಿದನು. ತಪಾಸಣೆಯ ವರದಿಯಲ್ಲಿ ಶಾಲೆಗೆ ಪ್ರಶಂಸೆ ಬಂದಿತು.

ಆ ಯಂತ್ರವು ಎಂದೋ ಗುಜರಿಗೆ ಹೋಯಿತು. ಮೂಲದ ಫ್ಲಾಪಿಗೆ ಮಳೆಗಾಲದಲ್ಲಿ ಬೂಸಲು ಹಿಡಿಯಿತು. ಶಿಷ್ಯನು ಈಗ ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ನಾನೇ ಈ ವಿಷಯವನ್ನು ತೆಗೆದೆನು. ಇಪ್ಪತ್ತು ಡಾಲರು ಕಳುಹಿಸುವದು ಈಗ ನಿಮಿಷದ ಕೆಲಸವಂತೆ. ಅಂದಿನ ಲೈಬ್ರರಿಗಳ ಹಳೆಯ ಪಟ್ಟಿಗಳನ್ನು ಅವನು ಫೋನಿನಲ್ಲಿ ಹುಡುಕಿ, ಜಗಲಿಯ ಮೇಲೆ ಕೂತು, ಒಂದೊಂದೇ ಹೆಸರನ್ನು ಓದಿ ಹೇಳಿದನು. ಸಂಜೆಯವರೆಗೆ ಕೇಳಿದೆನು. ಅದೋ ಇದೋ ಎಂದು ಎರಡು ಸಲ ಅನ್ನಿಸಿತು, ನಿಶ್ಚಯವಾಗಲಿಲ್ಲ. ಅವನಿಗೂ ನೆನಪಿಲ್ಲ.