ಸನ್ನದು ಮತ್ತು ಸತ್ಯಶುದ್ಧ ಕಾಯಕ

ವಕೀಲಿಕೆಯ ಅನ್ನ ಹುಟ್ಟುವುದು ಇನ್ನೊಬ್ಬರ ಸಂಕಟದಲ್ಲಿ. ಅಣ್ಣತಮ್ಮಂದಿರು ತೋಟದ ಪಾಲಿಗೆ ಕೂತು ಮುನಿದಾಗ, ಸಾಲ ತೀರಿಸಲಾಗದ ಬೆಳೆಗಾರನ ಜಮೀನನ್ನು ಬ್ಯಾಂಕು ಹರಾಜಿಗಿಟ್ಟಾಗ, ಒತ್ತುವರಿ ಬಿಡಿಸಲು ಅರಣ್ಯ ಇಲಾಖೆಯ ನೋಟಿಸು ಬಂದಾಗ ಆ ಕೆಲಸ ಶುರುವಾಗುತ್ತದೆ. ಶರಣರಲ್ಲಿ ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯ ತಮ್ಮ ದುಡಿಮೆಯನ್ನೇ ಪೂಜೆಯೆಂದು ತಿಳಿದು ಬದುಕಿದರು. ಅವರ ಸಾಲಿನಲ್ಲಿ ಕರಿಕೋಟು ತೊಟ್ಟವರಿಗೂ ಜಾಗವಿದೆಯೇ? ಜಗಳದಿಂದ ಬಂದ ಹಣ ಸತ್ಯಶುದ್ಧವಾಗಬಲ್ಲದೇ? ಕಾನೂನು ಪದವಿ ಮುಗಿಸಿ ಕೆಲಸ ಹುಡುಕಲು ಹೊರಟವರು ಈ ಪ್ರಶ್ನೆಗಳನ್ನು ತತ್ವಶಾಸ್ತ್ರದ ಪುಸ್ತಕಕ್ಕೆ ಬಿಟ್ಟುಕೊಡಲಾಗದು. ಯಾವ ಕಚೇರಿಗೆ ಸೇರಬೇಕು, ಯಾರ ವಕಾಲತ್ತು ಹಿಡಿಯಬೇಕು, ಎಷ್ಟು ಶುಲ್ಕ ಕೇಳಬೇಕು ಎಂಬ ದಿನನಿತ್ಯದ ತೀರ್ಮಾನಗಳ ಒಳಗೇ ಅವು ಕೂತಿರುತ್ತವೆ.

ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನಂಥ ಊರಿನಿಂದ ನೋಡಿದರೆ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಮುತ್ತೋಡಿ ಕಾಡಿನ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಇರುವ ಈ ಊರಿನ ಸುತ್ತ ಕಾನೂನು ಎಂದರೆ ಮೊದಲಿಗೆ ನೆಲ. ಬಗರ್‌ಹುಕುಂ ಸಾಗುವಳಿಯ ನಮೂನೆ 50, 53, 57ರ ಅರ್ಜಿಗಳು, ಪೋಡಿಯಾಗದ ಸರ್ವೆ ನಂಬರುಗಳು, ಪಹಣಿಯಲ್ಲೊಂದು ಹೆಸರು ನೆಲದ ಮೇಲೊಂದು ಬೇಲಿ, ಕಂದಾಯ ಇಲಾಖೆ ತನ್ನದೆನ್ನುವ ಅರಣ್ಯ ಇಲಾಖೆಯೂ ತನ್ನದೆನ್ನುವ ಗುಡ್ಡಗಳು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಾಡೊಳಗಿನ ಹಳ್ಳಿಗಳ ಕುಟುಂಬಗಳು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ಕಡೆಯ ಕೆಳಗೂರಿಗೂ ಸ್ಥಳಾಂತರಗೊಂಡವು. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಆ ಹೊಣೆಯ ಅಳತೆ ಕುರಿತ ತಕರಾರು ಮಾತ್ರ ಹಳೆಯದಾಗಿಲ್ಲ. ಇಲ್ಲಿ ಹುಟ್ಟಿ ವಕೀಲರಾದವರಿಗೆ ವಾದಿಯೂ ಗೊತ್ತು, ಪ್ರತಿವಾದಿಯೂ ಗೊತ್ತು. ಒಬ್ಬರು ಮಾವನ ಕಡೆಯವರು, ಇನ್ನೊಬ್ಬರು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

ಈ ವೃತ್ತಿಗೆ ಬರುವ ದಾರಿ ಕಾಗದದಲ್ಲಿ ಸರಳವಾಗಿದೆ. ಪದವಿಯ ನಂತರ ಮೂರು ವರ್ಷ ಅಥವಾ ಪಿಯುಸಿಯ ನಂತರ ಐದು ವರ್ಷದ ಕಾನೂನು ವ್ಯಾಸಂಗ. ಮಲೆನಾಡಿನ ವಿದ್ಯಾರ್ಥಿಗಳು ಹಾಸನ, ಶಿವಮೊಗ್ಗ, ಮಂಗಳೂರು, ಉಡುಪಿ, ಬೆಂಗಳೂರಿನ ಕಾಲೇಜುಗಳತ್ತ ಹೋಗುವುದು ರೂಢಿ. ಆಮೇಲೆ 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆ. ನೋಂದಣಿಗೆ ಹಲವು ರಾಜ್ಯಗಳ ಪರಿಷತ್ತುಗಳು ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದವು. ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪಿತ್ತಿತು. ಬಾಗಿಲಲ್ಲೇ ಬಡವರನ್ನು ತಡೆಯುವ ಶುಲ್ಕ ಸಮಾನತೆಗೆ ವಿರುದ್ಧ ಎಂಬುದು ಆ ತೀರ್ಪಿನ ತಿರುಳು.

ಸನ್ನದು ಕೈಗೆ ಬಂದ ದಿನ ದಾರಿ ಕವಲೊಡೆಯುತ್ತದೆ. ಬೆಂಗಳೂರಿನ ಕಂಪನಿಯ ಕಾನೂನು ವಿಭಾಗದಲ್ಲಿ ತಿಂಗಳ ಸಂಬಳವಿದೆ. ಆದರೆ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ನಡೆಸುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುವುದರಿಂದ ಸನ್ನದನ್ನು ಅಷ್ಟು ದಿನ ಬದಿಗಿಡಬೇಕು. ಸಹಾಯಕ ಸರ್ಕಾರಿ ಅಭಿಯೋಜಕರ ನೇಮಕಾತಿ ಇದೆ. 2022ರಿಂದ ಜಿಲ್ಲೆಗಳಲ್ಲಿ ಆರಂಭವಾದ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆ ಬಡ ಆರೋಪಿಗಳ ಪರ ನಿಲ್ಲುವವರಿಗೆ ನಿಗದಿತ ಸಂಭಾವನೆ ಕೊಡುತ್ತದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕೆಂಬ ನಿಯಮವನ್ನು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸಿನ ನಂತರ 2002ರಲ್ಲಿ ಸುಪ್ರೀಂ ಕೋರ್ಟು ತೆಗೆದಿತ್ತು. 2025ರ ಮೇ 20ರಂದು ಅದೇ ಕೋರ್ಟು ಅದನ್ನು ಮರಳಿ ತಂದಿತು. ಇವೆಲ್ಲದರ ನಡುವೆ ಹಳೆಯ ದಾರಿಯೂ ಉಳಿದಿದೆ: ಜಿಲ್ಲಾ ಕೋರ್ಟಿನ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರುವುದು.

ಬಹುತೇಕ ಉದ್ಯೋಗಗಳಿಗೆ ಇಲ್ಲದ ಒಂದು ಕಟ್ಟು ಇಲ್ಲಿದೆ. ವಕೀಲರು ಕೆಲಸ ಕೇಳಿಕೊಂಡು ಹೋಗುವಂತಿಲ್ಲ. ಜಾಹೀರಾತು ಹಾಕುವಂತಿಲ್ಲ, ದಲ್ಲಾಳಿಗಳನ್ನು ಬಿಡುವಂತಿಲ್ಲ, ನಾಮಫಲಕ ಕೂಡ ಮಿತವಾದ ಅಳತೆಯಲ್ಲಿರಬೇಕು. ಹಾಗಾದರೆ ಹೊಸಬರು ಕಣ್ಣಿಗೆ ಬೀಳುವುದು ಹೇಗೆ? ಮಾಡಿದ ಕೆಲಸದಿಂದಲೇ. ಹಿರಿಯರ ಕಚೇರಿಯಲ್ಲಿ ಬರೆದ ದಾವೆಯ ಕರಡು, ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹುಡುಕಿ ತೆಗೆದ ಹಳೆಯ ಕೈಬರಹದ ಪಹಣಿ, ಹಿರಿಯರು ಬರಲಾಗದ ದಿನ ವಾಯಿದೆಗೆ ನಿಂತು ಆಡಿದ ನಾಲ್ಕು ಸರಿಯಾದ ಮಾತು, ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಿಂದ ಬಂದ ಒಂದು ಪ್ರಕರಣ. ಕಟಕಟೆಯಲ್ಲಿ ನಿಂತವರ ಬಂಧುಗಳು, ಜಗಲಿಯಲ್ಲಿ ಕಾಯುತ್ತಿರುವ ಇತರ ಕಕ್ಷಿದಾರರು, ಎದುರು ಪಕ್ಷದ ವಕೀಲರು ಇದನ್ನೆಲ್ಲ ನೋಡುತ್ತಿರುತ್ತಾರೆ. ಕೆಲಸ ಮುಂದೆ, ಹೆಸರು ಹಿಂದೆ. ಶರಣರ ಕಾಯಕದ ಕ್ರಮವೂ ಇದೇ. ಹಸಿವಿನ ಕಾಲದಲ್ಲಿ ಈ ನಿಯಮ ಕ್ರೂರವೆನಿಸುತ್ತದೆ, ನಿಜ. ಆದರೆ ಸಂಕಟದಲ್ಲಿರುವವರನ್ನು ಬೇಟೆಯಂತೆ ಬೆನ್ನಟ್ಟಬಾರದೆಂಬ ಮರ್ಯಾದೆಯನ್ನು ಅದು ಕಾಯುತ್ತಿದೆ.

ಕೆಲಸ ಬಂದ ಮೇಲೆ ಎದುರಾಗುವುದು ಧರ್ಮದ ಮುಖ್ಯ ಪ್ರಶ್ನೆ: ತಪ್ಪಿತಸ್ಥನೆಂದು ಮನಸ್ಸಿಗೆ ತೋರಿದವನ ಪರವಾಗಿ ನಿಲ್ಲಬಹುದೇ? ಪರಿಷತ್ತಿನ ನಿಯಮಗಳ ಉತ್ತರ ಸ್ಪಷ್ಟ. ಯೋಗ್ಯ ಶುಲ್ಕ ಕೊಡಲು ಸಿದ್ಧರಿರುವವರ ವಕಾಲತ್ತನ್ನು ವಿಶೇಷ ಕಾರಣವಿಲ್ಲದೆ ನಿರಾಕರಿಸಬಾರದು. ಆರೋಪಿಯ ಅಪರಾಧದ ಬಗ್ಗೆ ವಕೀಲರ ಸ್ವಂತ ಅಭಿಪ್ರಾಯ ಏನೇ ಇದ್ದರೂ ರಕ್ಷಣೆ ಕೊಡಬೇಕು. ಇಂಥ ಆರೋಪಿಯ ಪರ ಯಾರೂ ನಿಲ್ಲಕೂಡದು ಎಂದು ವಕೀಲರ ಸಂಘಗಳು ಹೊರಡಿಸುವ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅವು ಶೂನ್ಯ ಎಂದು ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಡಿಸೆಂಬರಿನಲ್ಲಿ ಹೇಳಿತು.

ನಿಯಮ ಇಷ್ಟು ಹೇಳಿದರೂ ಆತ್ಮಸಾಕ್ಷಿಗೆ ಸಮಾಧಾನವಾಗಬೇಕೆಂದಿಲ್ಲ. ಸಮಾಧಾನದ ಬೇರು ಈ ಜಿಲ್ಲೆಯ ಮಣ್ಣಿನಲ್ಲೇ ಸಿಗುತ್ತದೆ. ಶೃಂಗೇರಿಯಲ್ಲಿ ಇಂದಿಗೂ ಪಾಠ ನಡೆಯುವ ಶಾಂಕರ ಭಾಷ್ಯಗಳಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷ ಬರುತ್ತದೆ. ಎದುರಾಳಿಯ ವಾದವನ್ನು ಅವನೇ ಒಪ್ಪುವಷ್ಟು ಬಲವಾಗಿ ಮಂಡಿಸದೆ ಅದನ್ನು ಖಂಡಿಸುವ ಹಕ್ಕಿಲ್ಲ. ಪೂರ್ವಪಕ್ಷ ಬರೆದ ಭಾಷ್ಯಕಾರ ಸುಳ್ಳಾಡಿದನೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಅದಿಲ್ಲದೆ ನಿರ್ಣಯಕ್ಕೆ ಗಟ್ಟಿತನ ಬಾರದು. ಕಳಸ-ಕಾರ್ಕಳವನ್ನು ಆಳಿದ ಭೈರರಸರು ಜೈನರು. ಅವರ ಮತದ ಅನೇಕಾಂತ ಇನ್ನೊಂದು ದಿಕ್ಕಿನಿಂದ ಇಲ್ಲಿಗೇ ಬರುತ್ತದೆ: ವಸ್ತುವಿಗೆ ಹಲವು ಮುಖ, ಒಂದು ನೆಲೆಯಿಂದ ಆಡಿದ ಮಾತು ಆ ನೆಲೆಗಷ್ಟೇ ನಿಜ, ಆದ್ದರಿಂದ ಪ್ರತಿ ಮಾತಿಗೂ ಒಂದು ‘ಸ್ಯಾತ್’ ಇರಬೇಕು. ಒತ್ತುವರಿ ಜಮೀನಿನ ಮೊಕದ್ದಮೆಯನ್ನೇ ನೋಡಿದರೆ ಸಾಕು. ಮೂರು ತಲೆಮಾರು ಬೆವರು ಸುರಿಸಿದ ಕುಟುಂಬದ ಮಾತೂ ನಿಜ. ಕಾಡು ಕರಗಿದರೆ ಭದ್ರೆಯ ನೀರು ಕರಗುತ್ತದೆಂಬ ಮಾತೂ ನಿಜ. ನಿವೇಶನವೂ ಇಲ್ಲದೆ ಲೈನ್ ಮನೆಯಲ್ಲೇ ಮುದುಕರಾದವರು ‘ನಮಗೇಕೆ ಇಲ್ಲ’ ಎನ್ನುವುದೂ ನಿಜ. ಒಂದೊಂದು ನಿಜಕ್ಕೂ ಬಾಯಿ ಬೇಕು. ನಿರ್ಣಯ ನ್ಯಾಯಪೀಠದ ಕೆಲಸ.

ಈ ಸಮರ್ಥನೆಗೆ ಒಂದು ಗೆರೆಯಿದೆ. ಪೂರ್ವಪಕ್ಷ ವಾದವನ್ನು ಕಟ್ಟುತ್ತದೆ, ಸಾಕ್ಷ್ಯವನ್ನು ಹುಟ್ಟಿಸುವುದಿಲ್ಲ. ಸುಳ್ಳು ಸಾಕ್ಷಿ ಹೇಳಿಸುವುದು, ದಾಖಲೆ ತಿದ್ದುವುದು, ಎದುರು ಪಕ್ಷವನ್ನು ಸುಸ್ತು ಮಾಡಲೆಂದೇ ವಾಯಿದೆ ಮೇಲೆ ವಾಯಿದೆ ಕೇಳುವುದು ಯಾವ ದರ್ಶನದ ನೆರಳಿಗೂ ಬಾರದು. ದಕ್ಷಿಣ ಆಫ್ರಿಕದಲ್ಲಿ ದಾದಾ ಅಬ್ದುಲ್ಲಾ ಅವರ ಮೊಕದ್ದಮೆಯನ್ನು ಪಂಚಾಯಿತಿಗೆ ಒಪ್ಪಿಸಿ ಬಗೆಹರಿಸಿದ ಮೋಹನದಾಸ ಗಾಂಧಿ, ಒಡೆದ ಇಬ್ಬರನ್ನು ಕೂಡಿಸುವುದೇ ವಕೀಲರ ನಿಜವಾದ ಕೆಲಸವೆಂದು ಆಗ ಕಂಡುಕೊಂಡರು. ಪಾಲಿನ ದಾವೆಗಳೇ ಹೆಚ್ಚಾಗಿರುವ ಊರುಗಳಲ್ಲಿ ಲೋಕ ಅದಾಲತ್ತಿನ ರಾಜಿಗೆ ಕಕ್ಷಿದಾರರನ್ನು ಒಪ್ಪಿಸಬಲ್ಲ ಕಿರಿಯ ವಕೀಲರು ಮುಂದಿನ ವಾಯಿದೆಯ ಶುಲ್ಕವನ್ನು ಕಳೆದುಕೊಳ್ಳುತ್ತಾರೆ. ಅವರು ಗಳಿಸುವುದು ಏನೆಂಬುದು ಎರಡೂ ಮನೆಯವರಿಗೆ ಗೊತ್ತಿರುತ್ತದೆ.

ನಿಷ್ಠೆಯ ವಿಷಯಕ್ಕೆ ವಚನಕಾರರಲ್ಲಿ ಅನಿರೀಕ್ಷಿತ ಗುರುವೊಬ್ಬರಿದ್ದಾರೆ. ಸೂಳೆ ಸಂಕವ್ವೆಯ ಒಂದೇ ವಚನ ಉಳಿದಿದೆ. ಒಬ್ಬನಿಂದ ಹಣ ಪಡೆದ ಮೇಲೆ ಇನ್ನೊಬ್ಬನಿಂದ ಪಡೆಯೆನೆಂಬ ವ್ರತವೇ ಅದರ ವಸ್ತು. ಲೋಕ ತುಚ್ಛವೆಂದ ವೃತ್ತಿಯೊಳಗೂ ನೇಮ ಹಿಡಿದು ಕಾಯಕದ ಘನತೆ ಸಾಧಿಸಿದ ಆಕೆಯ ಮುಂದೆ ಎಲ್ಲ ವೃತ್ತಿಯವರೂ ತಲೆಬಾಗಬೇಕು. ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು, ದಾವೆ ಬರೆದವರು, ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದೆಂಬ ವಕೀಲರ ನಿಯಮ ಅದೇ ವ್ರತ. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಮಲೆನಾಡಿನ ಊರಿನಲ್ಲಿ ಇದನ್ನು ಪಾಲಿಸುವುದು ಕಷ್ಟ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಮೆಲ್ಲಗೆ ತಮ್ಮ ಜಾಗದ ವಿಷಯ ತೆಗೆಯುತ್ತಾರೆ. ಕೇಳಿಸಿಕೊಂಡು ಒಂದು ಸಲಹೆ ಕೊಟ್ಟರೆ ಮುಗಿಯಿತು, ಇನ್ನೊಂದು ಕಡೆಯವರಿಗೆ ಆ ಬಾಗಿಲು ಮುಚ್ಚಿದಂತೆ. ಹಾಗೆಯೇ ತಾವು ನಡೆಸಿದ ಪ್ರಕರಣದಲ್ಲಿ ಹರಾಜಿಗೆ ಬಂದ ಆಸ್ತಿಯನ್ನು ವಕೀಲರು ಕೂಗಿ ಕೊಳ್ಳುವಂತಿಲ್ಲ. ನೆಲವೇ ಬಂಗಾರವಾಗಿರುವ ಕಾಫಿ ಸೀಮೆಯಲ್ಲಿ ಈ ನಿಯಮದ ಬೆಲೆ ದೊಡ್ಡದು.

ಶುಲ್ಕದ ಪ್ರಶ್ನೆಯಲ್ಲಿ ಶರಣರ ಕತೆಗಳು ಎರಡು ಮಾತು ಹೇಳುತ್ತವೆ. ಸಾಮಾನ್ಯವಾಗಿ ಒಂದನ್ನು ಮಾತ್ರ ನೆನೆಯಲಾಗುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಆಯ್ದಲ್ಲೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ದುರಾಸೆ ಸಲ್ಲದೆಂಬುದು ಮೊದಲ ಮಾತು. ಗೆದ್ದರೆ ಇಷ್ಟು ಪಾಲು, ಬಂದ ಪರಿಹಾರದಲ್ಲಿ ಇಷ್ಟು ಭಾಗ ಎಂದು ಶುಲ್ಕ ಮಾತಾಡುವುದನ್ನು ಭಾರತದ ನಿಯಮ ನಿಷೇಧಿಸುತ್ತದೆ. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರರ ಕಡತವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲವೆಂದು 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಎರಡನೆಯ ಮಾತು ನುಲಿಯ ಚಂದಯ್ಯನ ಕತೆಯಲ್ಲಿದೆ. ಹುಲ್ಲು ಕೊಯ್ಯುವಾಗ ಅವನ ಲಿಂಗ ನೀರಿಗೆ ಬಿತ್ತು. ಅವನು ನಿಲ್ಲದೆ ಕಾಯಕಕ್ಕೆ ನಡೆದ. ಲಿಂಗವೇ ಬೆನ್ನಟ್ಟಿ ಬಂದಾಗ ಮಡಿವಾಳ ಮಾಚಯ್ಯ ನಡುವೆ ನಿಂತು ರಾಜಿ ಮಾಡಿಸಿದ: ಲಿಂಗವೂ ದುಡಿಯಲಿ, ಹಗ್ಗ ಮಾರಿ ಬರಲಿ. ಮಾರಿ ತಂದ ಹಣ ನ್ಯಾಯಬೆಲೆಗಿಂತ ಹೆಚ್ಚಾದಾಗ ಚಂದಯ್ಯ ಅದನ್ನು ಒಪ್ಪಲಿಲ್ಲ. ಆದರೆ ನ್ಯಾಯಬೆಲೆ ಬೇಡವೆಂದು ಅವನು ಎಂದೂ ಹೇಳಲಿಲ್ಲ. ದುಡಿದವರಿಗೆ ಸಲ್ಲಬೇಕಾದುದು ಸಲ್ಲಬೇಕು. ದಾಸೋಹ ಹುಟ್ಟುವುದು ದುಡಿದು ಪಡೆದುದರಿಂದ. ಬರಿಗೈಯವರು ಏನನ್ನು ನೀಡಿಯಾರು?

ಕಿರಿಯ ವಕೀಲರ ವಿಷಯದಲ್ಲಿ ಮರೆತಿರುವುದು ಈ ಎರಡನೆಯ ಮಾತನ್ನೇ. ಕಲಿಸುವುದೇ ಸಂಬಳ, ವೃತ್ತಿ ಎಂದರೆ ಸೇವೆ ಎನ್ನುತ್ತ ಜೂನಿಯರುಗಳಿಗೆ ಬಸ್ ಚಾರ್ಜೂ ಕೊಡದ ಪದ್ಧತಿ ದೇಶದ ಅನೇಕ ಕೋರ್ಟುಗಳಲ್ಲಿ ಬೇರೂರಿದೆ. ಇದನ್ನು ಕಾಯಕವೆಂದು ಕರೆಯುವುದು ಕಾಯಕಕ್ಕೆ ಮಾಡುವ ಅಪಚಾರ. ಮನೆಯಲ್ಲಿ ತೋಟವಿದ್ದವರು ನಾಲ್ಕು ವರ್ಷ ಕಾದಾರು. ತೋಟದಲ್ಲಿ ದಿನಗೂಲಿಗೆ ಹೋಗುವವರ ಮಗಳು ಕಾಯಲಾರಳು. ಅವಳು ಸನ್ನದನ್ನು ಪೆಟ್ಟಿಗೆಯಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾಳೆ, ಅವಳ ಜನರ ನೋವನ್ನು ಒಳಗಿನಿಂದ ಬಲ್ಲ ದನಿಯೊಂದು ಕೋರ್ಟಿಗೆ ಬಾರದೆ ಹೋಗುತ್ತದೆ. ಮಂಜೂರಾದ ಜಮೀನು ಪರಭಾರೆಯಾಗದಂತೆ ಪರಿಶಿಷ್ಟರನ್ನು ಕಾಯಲು 1978ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಆ ಕಾಯ್ದೆಯಡಿ ವಾದಿಸಲು ಅದೇ ಕೇರಿಯ ವಕೀಲರು ಉಳಿಯದಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಷ್ಯವೇತನ ಕೊಡಬೇಕೆಂದು 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ರಾಜ್ಯ ಸರ್ಕಾರ ಶಿಷ್ಯವೇತನ ಕೊಡುತ್ತದೆ. ನ್ಯಾಯಾಧೀಶರಾಗಲೂ ಮೂರು ವರ್ಷದ ವಕೀಲಿಕೆ ಬೇಕಾಗಿರುವ ಈಗ, ಆ ಮೂರು ವರ್ಷದ ಊಟದ ಪ್ರಶ್ನೆ ನ್ಯಾಯಾಂಗದಲ್ಲಿ ಯಾರು ಕೂರುತ್ತಾರೆಂಬ ಪ್ರಶ್ನೆಯೂ ಆಗಿದೆ.

ಗುರುವನ್ನು ಆರಿಸುವಾಗ ಹೆಸರಿಗಿಂತ ಕಚೇರಿಯ ನಡವಳಿಕೆ ನೋಡುವುದು ಒಳ್ಳೆಯದು. ಕಕ್ಷಿದಾರರಿಗೆ ರಸೀದಿ ಕೊಡುತ್ತಾರೆಯೇ, ಸೋಲುವ ಪ್ರಕರಣವನ್ನು ಸೋಲುತ್ತದೆಂದು ಮೊದಲೇ ಹೇಳುತ್ತಾರೆಯೇ, ಜೂನಿಯರುಗಳ ಕರಡನ್ನು ಕೂತು ತಿದ್ದುತ್ತಾರೆಯೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕನ್ನಡ ನೆಲದಲ್ಲೇ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ವಿವರಿಸುತ್ತಾನೆ: ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ. ಮೊದಲ ಪಾದವೇ ಭಾಷೆ, ಅಂದರೆ ದಾವೆಯ ಬರಹ. ಎದುರು ಪಕ್ಷ ಉತ್ತರ ಕೊಡುವವರೆಗೆ ಅದನ್ನು ತಿದ್ದಿಕೊಳ್ಳಬಹುದೆಂಬ ಹಳೆಯ ನಿಯಮವೂ ಆ ಶಾಸ್ತ್ರದಲ್ಲಿದೆ. ಹೊಸಬರ ಮೊದಲ ವರ್ಷಗಳು ಈ ಮೊದಲ ಪಾದದಲ್ಲೇ ಕಳೆಯುತ್ತವೆ. ಹೈಕೋರ್ಟಿನ ಮಾತು ಇಂಗ್ಲಿಷು, ತಾಲ್ಲೂಕಿನ ಕಡತ ಕನ್ನಡ. ಸರ್ವೆ ನಕಾಶೆ, ಹಿಸ್ಸಾ, ಖರಾಬು, ಸಾಗುವಳಿ ಚೀಟಿ ಎಂಬ ಮಾತುಗಳ ತೂಕ ಬಲ್ಲವರೇ ಇವೆರಡರ ನಡುವೆ ನಂಬಿಕೆಯ ಸೇತುವೆಯಾಗಬಲ್ಲರು.

ಊರಲ್ಲೇ ಉಳಿಯಬೇಕೋ ಬೆಂಗಳೂರಿಗೆ ಹೋಗಬೇಕೋ ಎಂಬುದಕ್ಕೆ ಧರ್ಮ ಒಂದೇ ಉತ್ತರ ಕೊಡುವುದಿಲ್ಲ. ಸ್ವಧರ್ಮವೆಂಬುದು ಸ್ವಭಾವಕ್ಕೂ ಹೊಣೆಗೂ ಅಂಟಿಕೊಂಡದ್ದು, ಹುಟ್ಟಿದ ಊರಿಗಲ್ಲ. ಕಂಪನಿಯ ಒಪ್ಪಂದಪತ್ರವನ್ನು ಪ್ರಾಮಾಣಿಕವಾಗಿ ಬರೆಯುವುದೂ ಸತ್ಯಶುದ್ಧವೇ. ಹೋಗುವ ರೀತಿಯನ್ನು ಮಾತ್ರ ನಿಯಮ ಹೇಳುತ್ತದೆ. ಹಿಡಿದ ವಕಾಲತ್ತನ್ನು ಸಾಕಷ್ಟು ಕಾರಣವಿಲ್ಲದೆ ಬಿಡಬಾರದು. ಬಿಡುವುದೇ ಆದರೆ ಕಕ್ಷಿದಾರರಿಗೆ ಬೇರೆ ವಕೀಲರನ್ನು ಹುಡುಕಿಕೊಳ್ಳುವಷ್ಟು ಮೊದಲೇ ತಿಳಿಸಬೇಕು, ಕಡತ ಹಿಂದಿರುಗಿಸಬೇಕು, ಪಡೆದ ಶುಲ್ಕದಲ್ಲಿ ದುಡಿಯದೆ ಉಳಿದ ಭಾಗವನ್ನು ಲಕ್ಕಮ್ಮನ ಅಕ್ಕಿಯಂತೆ ಮರಳಿ ಕೊಡಬೇಕು.