ಮಗೂನ ಒಪ್ಪಿಸಿದ ಮೇಲೆ

ಬಾಲವಾಡಿಗೆ ಮಗೂನ ಬಿಟ್ಟವರು ಅಲ್ಲಿನ ಟೀಚರನ್ನ, ಆಯಾನ ಪ್ರಶ್ನೆ ಕೇಳಬಹುದಾ? ಸಂಪಿಗೆ ಮುಚ್ಚಳ ಐತಾ, ಒಲೆ ಎಲ್ಲಿಟ್ಟಿದ್ದೀರಿ, ಮಧ್ಯಾಹ್ನ ಗೇಟಿನ ಕಡೆ ಯಾರು ನೋಡ್ತಾರೆ, ಮಗೂನ ಕರಕೊಂಡು ಹೋಗೋಕೆ ಬೇರೆ ಯಾರಾದರೂ ಬಂದರೆ ಕಳಿಸಿಬಿಡ್ತೀರಾ ಅಂತ. ನಮ್ಮ ವಾಚನಾಲಯದಲ್ಲಿ ಈ ಮಾತು ಬಂದಾಗ ಕೂತಿದ್ದವರು ಎರಡು ಭಾಗ ಆದರು. ಕೇಳಲೇಬೇಕು ಅಂದವರು ಕೆಲವರು. ‘ಹಂಗೆ ಕೇಳಿದ್ರೆ ಆಯಮ್ಮನ್ನ ಅನುಮಾನ ಪಟ್ಟಂಗೆ ಆಗಲ್ವಾ, ಊರೋಳೇ ಅಲ್ವಾ’ ಅಂದವರೇ ಜಾಸ್ತಿ.

ಈ ಎರಡನೇ ಮಾತನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಊರು ನಡೆಯೋದೇ ನಂಬಿಕೆ ಮೇಲೆ. ಪತ್ರ ಬರೆಸಿಕೊಳ್ಳದೆ ಸಾಲ ಕೊಡ್ತೀವಿ. ಮನೆ ಬೀಗದ ಕೈ ಪಕ್ಕದ ಮನೇಲಿ ಕೊಟ್ಟು ಜಾತ್ರೆಗೆ ಹೋಗ್ತೀವಿ. ಇಂಥ ಕಡೆ ಪ್ರಶ್ನೆ ಕೇಳೋನೇ ಕೆಟ್ಟೋನಾಗಿ ಕಾಣ್ತಾನೆ. ಅದಕ್ಕೇ ಈ ವಿಷಯ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಬೇಕು ಅಂತ ಬರೀತಾ ಇದ್ದೀನಿ.

ನಾನು ಪದ ಹಾಡೋನು, ಹಾಡಿನ ಕಡೆಯಿಂದಲೇ ಹೇಳ್ತೀನಿ. ನಮ್ಮ ಮದುವೆಗಳಲ್ಲಿ ಹೆಣ್ಣೊಪ್ಪಿಸೋ ಶಾಸ್ತ್ರ ಇದೆ. ಒಂದೊಂದು ಕುಲಕ್ಕೆ ಒಂದೊಂದು ಹಾಡು, ಆದರೆ ತಿರುಳು ಒಂದೇ. ಮುದ್ದಾಗಿ ಸಾಕಿದ್ದೀವಿ, ಬಯ್ಯಬೇಡಿ, ಹೊತ್ತಿಗೆ ಊಟ ಹಾಕಿ, ತಪ್ಪು ಮಾಡಿದರೆ ತಿದ್ದಿ. ಬೀಗರ ಮುಂದೆ ನಿಂತು, ಕಣ್ಣೀರು ಹಾಕಿಕೊಂಡು, ಇಷ್ಟನ್ನೂ ಬಾಯಿಬಿಟ್ಟು ಹೇಳ್ತಾರೆ. ಬೀಗರು ಅದನ್ನ ಅವಮಾನ ಅಂದುಕೊಂಡಿದ್ದು ನಾನಂತೂ ಕಂಡಿಲ್ಲ. ಅಲ್ಲಿ ಒಪ್ಪಿಸ್ತಾ ಇರೋದು ಬಾಯಿ ಬಂದ, ಬುದ್ಧಿ ಬಂದ, ಸರಿಹೋಗದಿದ್ದರೆ ಬಸ್ಸು ಹತ್ತಿ ತವರಿಗೆ ಬರಬಲ್ಲ ಹೆಣ್ಣುಮಗಳನ್ನ. ಮೂರು ವರ್ಷದ ಕೂಸನ್ನ ಒಪ್ಪಿಸೋವಾಗ ಏನು ಮಾಡ್ತೀವಿ? ಬ್ಯಾಗು ತಗಲಿಸಿ, ಬಾಗಿಲಲ್ಲಿ ಬಿಟ್ಟು, ‘ಅಳಬೇಡ’ ಅಂದು ಓಡ್ತೀವಿ. ಹೊಸೂರಿನ ಕಂಪನಿ ವ್ಯಾನು ರೋಡಲ್ಲಿ ಹಾರನ್ ಹೊಡೀತಾ ಇರುತ್ತೆ, ಇಲ್ಲ ಟೊಮೇಟೊ ಬಿಡಿಸೋಕೆ ಹೊತ್ತಾಗಿರುತ್ತೆ. ಆ ತಾಯಿ ಮೇಲೆ ನಾನು ತಪ್ಪು ಹೊರಿಸಲ್ಲ. ಹೊಟ್ಟೆಪಾಡು. ಆದರೆ ಒಪ್ಪಿಸೋ ಮಾತು ಮಾತ್ರ ಅಲ್ಲಿ ಆಗಲೇ ಇಲ್ಲ.

ಇನ್ನೊಂದು ಹಾಡು ಗೋವಿನ ಹಾಡು. ಸ್ಕೂಲಲ್ಲಿ ಇದನ್ನ ಸತ್ಯದ ಹಾಡು ಅಂತ ಕಲಿಸ್ತಾರೆ, ಸರಿಯೇ. ನನ್ನ ಮನಸ್ಸು ನಿಲ್ಲೋದು ಬೇರೆ ಕಡೆ. ಪುಣ್ಯಕೋಟಿ ಹುಲಿ ಹತ್ರ ಹೊರಡೋ ಮುಂಚೆ ಕರುವನ್ನ ಮಂದೆಯ ಉಳಿದ ಹಸುಗಳಿಗೆ ಒಪ್ಪಿಸುತ್ತೆ. ಸುಮ್ಮನೆ ‘ನೋಡಿಕೊಳ್ಳಿ’ ಅಂದು ಬಿಡಲ್ಲ. ಕೊಂಬಿನಿಂದ ಪೆಟ್ಟಾಗಬಾರದು, ಕಾಲಿನಿಂದ ಪೆಟ್ಟಾಗಬಾರದು ಅಂತ ಬಿಡಿಸಿ ಹೇಳುತ್ತೆ. ಯಾರಿಗೆ ಹೇಳ್ತಾ ಇದೆ? ಒಡಹುಟ್ಟಿದವರು, ಹೆತ್ತ ತಾಯಂದಿರು ಅಂತ ನಂಬಿರೋ ಹಸುಗಳಿಗೆ. ನಂಬಿಕೆ ಇರೋ ಕಡೆಯೇ ಬಿಡಿಸಿ ಹೇಳಿತು. ‘ನಾವೇನು ನಿನ್ನ ಕರೂನ ಹಾಯ್ತೀವಾ?’ ಅಂತ ಆ ಹಸುಗಳು ಮುನಿಸಿಕೊಳ್ಳಲಿಲ್ಲ. ನೋಡಿಕೊಳ್ತೀವಿ ಅಂತ ಮಾತು ಕೊಟ್ಟವು.

ಇಲ್ಲಿ ಒಂದು ಗಂಟು ಇದೆ, ಬಿಚ್ಚಬೇಕು. ಮನುಷ್ಯರ ಮೇಲೆ ನಂಬಿಕೆ ಒಂದು, ಸಾಮಾನಿನ ಮೇಲೆ ನಂಬಿಕೆ ಇನ್ನೊಂದು. ನಮ್ಮ ಪಕ್ಕದ ಒಂದು ಊರಲ್ಲಿ ಒಬ್ಬ ಅಜ್ಜಿ ದಿನಾ ಮೊಮ್ಮಗನ್ನ ಬಿಡೋಕೆ ಹೋದಾಗ ಹಿತ್ತಲ ಸಂಪಿನ ಮುಚ್ಚಳ ನೋಡಿಕೊಂಡೇ ಬರ್ತಿದ್ದಳು. ಆಯಾಗೆ ಬೇಜಾರಾಯಿತು. ‘ನನ್ಮೇಲೆ ನಂಬಿಕೆ ಇಲ್ವೇನಜ್ಜಿ?’ ಅಂದಳು. ‘ನಿನ್ಮೇಲೆ ಐತೆ ಕಣವ್ವ, ಸಂಪಿನ ಮೇಲೆ ಇಲ್ಲ’ ಅಂದಳು ಅಜ್ಜಿ. ಈ ವಾದದಲ್ಲಿ ನಾನು ಕೇಳಿದ ಅತಿ ಒಳ್ಳೆ ಉತ್ತರ ಅದೇ. ಸಂಪಿಗೆ ಊರಿಲ್ಲ, ನೆಂಟಸ್ತನ ಇಲ್ಲ. ಸಂಪೇ ಬೇಕಾಗಿಲ್ಲ, ತಲೆ ಭಾರವಾಗಿರೋ ಕೂಸು ಬಗ್ಗಿ ಬಿದ್ದರೆ ಅರ್ಧ ಬಕೆಟ್ ನೀರು ಸಾಕು, ಸದ್ದೂ ಆಗಲ್ಲ.

ಸಾಮಾನು ಹೇಗೆ ಮೋಸ ಮಾಡುತ್ತೆ ಅನ್ನೋದಕ್ಕೆ ಬಿಹಾರದ ಒಂದು ಊರಿನ ಕಥೆ ಹೇಳಬೇಕು, ಅದು ರೈತರಾದ ನಮಗೇ ಸೇರಿದ ಕಥೆ. ಸರಣ್ ಜಿಲ್ಲೆ ಗಂಡಾಮನ್ ಅನ್ನೋ ಹಳ್ಳಿ, 2013ರ ಜುಲೈ 16. ಶಾಲೆಯ ಮಧ್ಯಾಹ್ನದ ಊಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೋಕ್ರೊಟೊಫಾಸ್ ಇತ್ತು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ನಾವು ತೋಟಕ್ಕೆ ಹೊಡೀತಾ ಇದ್ದ ಔಷಧಿ ಅದು, ಅಂಗಡಿಯಲ್ಲಿ ‘ಮೋನೋ’ ಅಂದರೆ ಕೊಡ್ತಾ ಇದ್ದರು. ಔಷಧಿ ಇದ್ದ ಡಬ್ಬಕ್ಕೆ ಎಣ್ಣೆ ಹಾಕಿಟ್ಟಿದ್ದರು ಅಂತ ಹೇಳಿದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಔಷಧಿ ಕ್ಯಾನು ತೊಳೆದು ಸೀಮೆಎಣ್ಣೆಗೋ ನೀರಿಗೋ ಇಟ್ಟುಕೊಂಡಿಲ್ಲ? ಕ್ಯಾನು ಗಟ್ಟಿಯಾಗಿರುತ್ತೆ, ಬಿಸಾಡೋಕೆ ಮನಸ್ಸು ಬರಲ್ಲ. ಎಷ್ಟು ತೊಳೆದರೂ ಆ ವಿಷ ಪ್ಲಾಸ್ಟಿಕ್ಕು ಬಿಟ್ಟು ಪೂರಾ ಹೋಗಲ್ಲ.

ಆ ಕಥೆಯಲ್ಲಿ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ವಿಷ ಅಲ್ಲ. ಎಣ್ಣೆ ಯಾಕೋ ಸರಿಯಿಲ್ಲ ಅಂತ ಅಡುಗೆಯವಳು ಹೇಳಿದ್ದಳಂತೆ, ಊಟದ ರುಚಿ ಸರಿಯಿಲ್ಲ ಅಂತ ಮಕ್ಕಳೂ ಅಂದಿದ್ದವಂತೆ. ಆಗ ಪೇಪರುಗಳಲ್ಲಿ ಹಾಗೆ ಬಂತು. ಅಂದರೆ ಪ್ರಶ್ನೆ ಎದ್ದಿತ್ತು. ಎತ್ತಿದ್ದು ಸಣ್ಣ ಜನ, ಒಬ್ಬ ಕೂಲಿ ಹೆಂಗಸು, ಒಂದಷ್ಟು ಕೂಸುಗಳು. ಮೇಲಿನವರು ಅಡುಗೆ ಆಗಲಿ ಅಂದಾಗ ಅಲ್ಲಿಗೆ ನಿಂತಿತು. ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ಕೋರ್ಟು ಶಿಕ್ಷೆ ಕೊಟ್ಟಿತು. ಮಕ್ಕಳಿಗೆ ಬಡಿಸೋ ಮುಂಚೆ ದೊಡ್ಡವರು, ಅದರಲ್ಲಿ ಒಬ್ಬ ಟೀಚರಾದರೂ, ತಿಂದು ನೋಡಬೇಕು ಅನ್ನೋ ನಿಯಮವನ್ನ ಆ ಘಟನೆ ಆದಮೇಲೆ ಎಲ್ಲ ಕಡೆ ಗಟ್ಟಿ ಮಾಡಿದರು. ನಿಯಮ ಒಳ್ಳೇದೇ. ಅಡುಗೆಯವಳ ಮೂಗಿಗೆ ಬೆಲೆ ಕೊಟ್ಟಿದ್ದರೆ ಅವತ್ತೇ ಸಾಕಾಗಿತ್ತು.

ಅದೇ ಜುಲೈ 16ನೇ ತಾರೀಕು, ಒಂಬತ್ತು ವರ್ಷ ಹಿಂದೆ, ನಮ್ಮ ತಮಿಳುನಾಡಿನಲ್ಲೇ ಕುಂಭಕೋಣಂ ಶಾಲೆಗೆ ಬೆಂಕಿ ಬಿತ್ತು. 2004. ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ, ಮಹಡಿ ಮೇಲಿದ್ದ ಮಕ್ಕಳು ಇಳಿಯೋಕಾಗದೆ 94 ಜನ ಸುಟ್ಟುಹೋದರು. ಹೆಚ್ಚಿನವು ಚಿಕ್ಕ ಕ್ಲಾಸಿನ ಮಕ್ಕಳು. ಆಮೇಲೆ ಶಾಲೆಗಳಿಗೆ ಗರಿ ಹೊದಿಸಬಾರದು ಅಂತ ಸರ್ಕಾರ ಆದೇಶ ಮಾಡಿತು, ಕೋರ್ಟಿನ ತೀರ್ಪು ಬಂದಿದ್ದು 2014ಕ್ಕೆ. ಆ ಮಾಡನ್ನ ಯಾರೂ ಬಚ್ಚಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಮಗೂನ ಬಿಡೋಕೆ ಬಂದ ಎಲ್ಲರ ಕಣ್ಣ ಮುಂದೆಯೇ ಅದು ಇತ್ತು. ತಪಾಸಣೆಗೆ ಬರೋ ಅಧಿಕಾರಿಗಳ ಕಣ್ಣ ಮುಂದೆಯೂ ಇತ್ತು. ದಿನಾ ಕಾಣೋ ಸಾಮಾನು ಕಣ್ಣಿಗೆ ಬೀಳೋದು ನಿಂತುಹೋಗುತ್ತೆ. ಹಾಗಾಗಿ ಪ್ರಶ್ನೆ ಅನ್ನೋದು ಬರೀ ಬಾಯಿನ ಕೆಲಸ ಅಲ್ಲ, ಕಣ್ಣನ್ನ ಎಬ್ಬಿಸೋ ಕೆಲಸ.

ಇಂಥದ್ದು ಆದಾಗ ಹಣೆಬರಹ ಅಂತೀವಿ. ಅಕಾಲದ ಮಳೆಗೆ ರಾಗಿ ಮಲಗಿದರೆ ಹಣೆಬರಹ ಅನ್ನಿ, ನಾನೂ ಅಂತೀನಿ. ಗರಿಯ ಕೆಳಗೆ ಒಲೆ ಇಟ್ಟಿದ್ದು ಬ್ರಹ್ಮನ ಬರಹ ಅಲ್ಲ. ಮಗ ಕಳಕೊಂಡ ತಾಯಿಗೆ ಆ ಮಾತಿಂದ ಸಮಾಧಾನ ಸಿಗೋದಾದರೆ ಅವಳು ಹೇಳಿಕೊಳ್ಳಲಿ. ಮಿಕ್ಕ ನಾವು ಹೇಳೋ ಹಾಗಿಲ್ಲ.

ಕೇಳಬೇಕು ಅಂದೆ. ಆದರೆ ಎಲ್ಲ ಕೇಳೋದೂ ಮಗುವಿಗೋಸ್ಕರ ಅಲ್ಲ. 2018ರಲ್ಲಿ ತಿರುಪ್ಪೂರು ಜಿಲ್ಲೆ ಅವಿನಾಶಿ ಹತ್ರ ಒಂದು ಊರಲ್ಲಿ ಶಾಲೆ ಅಡುಗೆಯವಳು ದಲಿತಳು ಅಂತ ಕೆಲವರು ತಕರಾರು ತೆಗೆದರು, ಕೇಸೂ ಆಯಿತು. ಅವರೂ ‘ನಮ್ಮ ಮಕ್ಕಳು ತಿನ್ನೋ ಊಟ’ ಅಂತಲೇ ಶುರು ಮಾಡಿದ್ದು. ಕೈ ತೊಳೆದಿದ್ದೀಯಾ ಅಂತ ಕೇಳೋದಕ್ಕೂ ಅದು ಯಾರ ಕೈ ಅಂತ ಕೇಳೋದಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ಬಾಯಿ ಮುಚ್ಚಿಕೊಂಡಿರೋದೇ ವಾಸಿ. ಈ ಚಾಳಿ ನಮ್ಮ ಕಡೆ ಇಲ್ಲ ಅಂತ ಯಾರೂ ಎದೆ ತಟ್ಟಿ ಹೇಳಬೇಡಿ.

ಆಯಾಗಳ ಮಾತನ್ನೂ ಕೇಳಿಸಿಕೊಳ್ಳಬೇಕು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು, ಮೈಸೂರು ಸೀಮೆಯ ತಿರುಮಕೂಡಲು ನರಸೀಪುರ ಅದರಲ್ಲಿ ಒಂದು. ಅವತ್ತಿಂದ ಒಬ್ಬ ಟೀಚರು, ಒಬ್ಬ ಆಯಾ, ಇಷ್ಟರಲ್ಲೇ ನಡೀತಾ ಇದೆ. ತೂಕ ಹಾಕಬೇಕು, ಲಸಿಕೆಗೆ ಮಕ್ಕಳನ್ನ ಸೇರಿಸಬೇಕು, ಸತ್ತುಮಾವು ಹಂಚಬೇಕು, ಬಸುರಿ ಬಾಣಂತಿಯರ ಲೆಕ್ಕ ಬರೀಬೇಕು, ಈಗ ಫೋನಲ್ಲಿ ಬೇರೆ ತುಂಬಬೇಕು. ಕೊಡೋದು ಸಂಬಳ ಅಲ್ಲ, ಗೌರವಧನ ಅಂತಾರೆ. ಅವರಿಗೂ ಗ್ರಾಚುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದೇ 2022ರಲ್ಲಿ. ಟೀಚರು ಮೀಟಿಂಗಿಗೆ ಡೆಂಕಣಿಕೋಟೆಗೆ ಹೋದ ದಿನ ಆಯಾ ಒಬ್ಬಳೇ. ಒಲೆ ಮೇಲೆ ಸಾಂಬಾರು, ಅಂಗಳದಲ್ಲಿ ಇಪ್ಪತ್ತು ಮಕ್ಕಳು. ‘ಯಾಕಮ್ಮ ನೋಡಿಕೊಳ್ಳಲಿಲ್ಲ?’ ಅಂತ ಅವಳನ್ನ ಕೇಳೋದು ಸುಲಭ, ಯಾಕಂದರೆ ಅವಳು ತಿರುಗಿ ಕೇಳಲ್ಲ. ಕಾಂಪೌಂಡು ಯಾಕೆ ಬಿದ್ದಿದೆ ಅಂತ ಪಂಚಾಯ್ತಿಯವರನ್ನ ಕೇಳಿ. ಪಕ್ಕದ ಗುಲಾಬಿ ತೋಟದವನಿಗೆ, ಮಕ್ಕಳು ಮನೆಗೆ ಹೋದ ಮೇಲೆ ಔಷಧಿ ಹೊಡಿಯಪ್ಪ ಅಂತ ಹೇಳಿ. ರಾಗಿ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ನಮ್ಮ ಜವಳಗಿರಿ ಕಾಡಿಗೆ ಆನೆ ಬಂದಿದ್ದಾಗ, ಕಾಡಂಚಿನ ಹಟ್ಟಿ ಮಕ್ಕಳನ್ನ ಸಂಜೆ ಮನೆ ಮುಟ್ಟಿಸೋರು ಯಾರು ಅಂತ ಊರು ಸೇರಿ ಮಾತಾಡಿಕೊಳ್ಳಿ. ಒಬ್ಬ ಗಂಡಸು ದಿನಕ್ಕೊಬ್ಬರಂತೆ ಸರದಿ ನಿಂತರೆ ಆಗೋ ಕೆಲಸ.

ಕೊನೇ ವಿಷಯ ಬರೆಯೋಕೆ ಕೈ ಹಿಂಜರಿಯುತ್ತೆ, ಆದರೂ ಬರೀಬೇಕು. ಮಕ್ಕಳ ಮೈ ಮೇಲೆ ಕೆಟ್ಟ ಕೈ ಬೀಳೋ ವಿಷಯ. ಅದನ್ನ ಮಾಡೋನು ಎಲ್ಲಿಂದಲೋ ಬಂದ ಕಳ್ಳ ಅಂತ ನಾವು ಅಂದುಕೊಳ್ತೀವಿ. 2007ರಲ್ಲಿ ಕೇಂದ್ರ ಸರ್ಕಾರವೇ ಮಾಡಿಸಿದ ಅಧ್ಯಯನದಲ್ಲಿ, ಇಂಥ ಕೆಟ್ಟದ್ದು ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ನಂಬಿಕೆಯ ಜಾಗದಲ್ಲಿ ಇದ್ದವರು ಅಂತ ಕಂಡುಬಂತು. ಊರೋನೇ ಅಲ್ವಾ ಅನ್ನೋ ಮಾತು ಇಲ್ಲಿ ಪೂರಾ ಸೋಲುತ್ತೆ. 2012ರ ಪೋಕ್ಸೋ ಕಾನೂನು ಪ್ರಕಾರ ಇಂಥದ್ದು ಗೊತ್ತಾದವರು ಯಾರೇ ಆಗಲಿ ಪೊಲೀಸಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಒಂದು ಅಪರಾಧ. ಒಳ್ಳೆ ಮನಸ್ಸಿಂದ ತಿಳಿಸಿದವರ ಮೇಲೆ ಕೇಸು ಹಾಕೋಕೆ ಬರಲ್ಲ. 1098ಕ್ಕೆ ಫೋನು ಮಾಡಿದರೆ ದುಡ್ಡು ಖರ್ಚಿಲ್ಲ. ಪಂಚಾಯ್ತಿ ಕಟ್ಟೆ ಮೇಲೆ ಕೂರಿಸಿ, ದಂಡ ಕಟ್ಟಿಸಿ, ಊರ ಮರ್ಯಾದೆ ಅಂತ ಮುಗಿಸೋ ಹಳೇ ಪದ್ಧತಿಗೆ ಇಲ್ಲಿ ಜಾಗ ಇಲ್ಲ. ಆ ಮರ್ಯಾದೆ ಲೆಕ್ಕದಲ್ಲಿ ಮಗುವಿನ ಮರ್ಯಾದೆ ಯಾವತ್ತೂ ಸೇರಿರಲಿಲ್ಲ.

ನಗುನಗುತ್ತಾ ಹೋಗ್ತಿದ್ದ ಮಗು ಒಂದು ದಿನ ‘ನಾನು ಹೋಗಲ್ಲ’ ಅಂತ ಹಟ ಹಿಡಿಯುತ್ತೆ. ಮಿಠಾಯಿ ಕೊಟ್ಟು, ಇಲ್ಲ ಎರಡೇಟು ಹಾಕಿ ಎಳಕೊಂಡು ಹೋಗ್ತೀವಿ. ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಸೋಮಾರಿತನವೇ ಇರಬಹುದು. ಆದರೆ ಪ್ರಶ್ನೆ ಕೇಳೋಕೆ ಅಷ್ಟು ಚಿಕ್ಕ ಮಗುವಿಗೆ ಗೊತ್ತಿರೋ ದಾರಿ ಅದೊಂದೇ. ಅವತ್ತು ವ್ಯಾನು ಹೋದರೆ ಹೋಗಲಿ. ಮಡಿಲಲ್ಲಿ ಕೂರಿಸಿಕೊಂಡು ‘ಯಾಕಪ್ಪ, ಏನಾಯ್ತು?’ ಅಂತ ಕೇಳಿ, ಬಯ್ಯದೆ, ಅದು ಹೇಳೋವರೆಗೂ ಸುಮ್ಮನೆ ಕೂತಿರಿ.