ಜಗತ್ ಸೇಠರ ಐಶ್ವರ್ಯ ಮತ್ತು ಪರಿಗ್ರಹದ ಮಿತಿ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಚಿನ್ನ, ಬೆಳ್ಳಿ, ಧನ, ಧಾನ್ಯಗಳಿಗೆ ಮಿತಿಯನ್ನು ಗೊತ್ತುಪಡಿಸಿಕೊಳ್ಳುತ್ತಾನೆ. ಆದರೆ ಐಶ್ವರ್ಯದ ಬೆನ್ನಿಗೇ ಬರುವ ರಾಜಪ್ರಭಾವವೂ ಪರಿಗ್ರಹವೇ? ಅದಕ್ಕೂ ಮಿತಿ ಬೇಕೆ? 18ನೆಯ ಶತಮಾನದ ಬಂಗಾಳದ ಜಗತ್ ಸೇಠ್ ಮನೆತನದ ಚರಿತ್ರೆಯು ಈ ಪ್ರಶ್ನೆಗೆ ತಕ್ಕ ದೃಷ್ಟಾಂತವಾಗಿದೆ.

ಮಾರವಾಡದ ನಾಗೌರ್ ಮೂಲದ ಈ ಓಸವಾಲ ಜೈನ ಮನೆತನದ ಮಾಣಿಕಚಂದರು ಢಾಕಾದಲ್ಲಿ ಲೇವಾದೇವಿ ನಡೆಸುತ್ತಿದ್ದರು. ದಿವಾನ ಮುರ್ಷಿದ್ ಕುಲಿ ಖಾನನು ತನ್ನ ಕಚೇರಿಯನ್ನು ಮುರ್ಷಿದಾಬಾದಿಗೆ ಸಾಗಿಸಿದಾಗ ಅವರೂ ಜೊತೆಯಲ್ಲಿ ಹೋದರು. ಬಂಗಾಳದ ಕಂದಾಯವು ಇವರ ಹುಂಡಿಗಳ ಮೂಲಕ ದೆಹಲಿಗೆ ಸಲ್ಲತೊಡಗಿತು. ಹಳೆಯ ನಾಣ್ಯಗಳ ವಿನಿಮಯದ ಮೇಲೆ ವಟ್ಟ ದೊರೆಯುತ್ತಿತ್ತು. ಟಂಕಸಾಲೆಯೂ ಕ್ರಮೇಣ ಇವರ ಹಿಡಿತಕ್ಕೆ ಬಂದಿತು. 1720ರ ದಶಕದಲ್ಲಿ ಮೊಗಲ್ ಬಾದಶಹ ಮುಹಮ್ಮದ್ ಷಾ ಫತೇಚಂದರಿಗೆ ‘ಜಗತ್ ಸೇಠ್’ ಎಂಬ ಬಿರುದನ್ನಿತ್ತನು.

ಈ ಏಳಿಗೆಯಲ್ಲಿ ವ್ಯವಹಾರ ಕುಶಲತೆಯಿದೆ, ವಿಶ್ವಾಸದ ಬಲವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮನೆತನವು ಅಲ್ಲಿಗೇ ನಿಲ್ಲಲಿಲ್ಲ. 1740ರಲ್ಲಿ ಅಲಿವರ್ದಿ ಖಾನನು ನವಾಬ ಸರ್ಫರಾಜ್ ಖಾನನನ್ನು ಗಿರಿಯಾ ಕಾಳಗದಲ್ಲಿ ಸೋಲಿಸಿ ಪಟ್ಟವೇರಿದಾಗ ಫತೇಚಂದರ ಬೆಂಬಲ ಅವನಿಗಿತ್ತು. 1757ರಲ್ಲಿ ಅವರ ಮೊಮ್ಮಕ್ಕಳಾದ ಮಹತಾಬ್ ರಾಯ್ ಮತ್ತು ಸ್ವರೂಪಚಂದರು ಸಿರಾಜ್-ಉದ್-ದೌಲನ ವಿರುದ್ಧದ ಒಳಸಂಚಿನಲ್ಲಿ ಪಾಲ್ಗೊಂಡರು. ಅದರ ಫಲವೇ ಪ್ಲಾಸಿ.

ಸಿರಾಜನಿಂದ ಅವರಿಗೆ ಭಯವಿತ್ತು, ಆತ್ಮರಕ್ಷಣೆಗಾಗಿ ನಡೆಯುವ ವಿರೋಧಿ ಹಿಂಸೆಯು ಗೃಹಸ್ಥನ ಅಣುವ್ರತಕ್ಕೆ ಭಂಗವಲ್ಲ ಎಂದು ವಾದಿಸಬಹುದು. ಈ ವಾದವು ಹಗುರವಾದುದಲ್ಲ. ಆದರೆ ತನ್ನ ಮನೆಯ ಬಾಗಿಲನ್ನು ಕಾಯುವುದು ಬೇರೆ, ಸಿಂಹಾಸನದಲ್ಲಿ ಯಾರು ಕೂರಬೇಕೆಂದು ಗೊತ್ತುಮಾಡುವುದು ಬೇರೆ. ಕತ್ತಿ ಹಿಡಿಯದವನೂ ಹಿಂಸೆಗೆ ಹೊರತಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರನ್ನೂ ಜೈನಧರ್ಮವು ಲೆಕ್ಕಕ್ಕೆ ಹಿಡಿಯುತ್ತದೆ. ಭಯದ ಮೂಲವನ್ನೂ ವಿಚಾರಿಸಬೇಕು. ರಾಜನ ಖಜಾನೆಯನ್ನೇ ತಮ್ಮ ಅಂಗಡಿಯಾಗಿಸಿಕೊಂಡವರಿಗೆ ರಾಜನ ಕೋಪದಿಂದ ದೂರ ನಿಲ್ಲುವ ಸ್ಥಳವೇ ಉಳಿದಿರಲಿಲ್ಲ.

ಕಂಪನಿಯೊಡನೆ ಯುದ್ಧಕ್ಕಿಳಿದ ಮೀರ್ ಕಾಸಿಮನು 1763ರಲ್ಲಿ ಆ ಇಬ್ಬರನ್ನೂ ಕೊಲ್ಲಿಸಿದನು. 1772ರಲ್ಲಿ ಕಂಪನಿಯು ಖಜಾನೆಯನ್ನು ಕಲ್ಕತ್ತೆಗೆ ಸಾಗಿಸಿತು. ಮನೆತನದ ಮಹತ್ವ ಅಳಿಯಿತು. ಪತನವಾದುದರಿಂದಲೇ ಅದು ದೋಷವೆಂದಲ್ಲ. ಅವರು ಇನ್ನೂ ನೂರು ವರ್ಷ ಮೆರೆದಿದ್ದರೂ ದೋಷವು ದೋಷವೇ.

ಪರಿಗ್ರಹದ ಲಕ್ಷಣ ಮೂರ್ಛೆ, ಅಂದರೆ ‘ನನ್ನದು’ ಎಂಬ ಮೋಹ. ‘ನನ್ನ ನವಾಬ’ ಎಂಬ ಭಾವವೂ ಆ ಮೋಹವೇ. ವರ್ಷದ ಜಮಾ-ಖರ್ಚಿನಲ್ಲಿ ಅಧಿಕಾರಸ್ಥರ ಸಖ್ಯಕ್ಕೆ ಖಾತೆಯಿರುವುದಿಲ್ಲ. ವ್ರತದ ಲೆಕ್ಕದಲ್ಲಿ ಮಾತ್ರ ಶ್ರಾವಕನು ಅದಕ್ಕೊಂದು ಖಾತೆಯನ್ನು ತೆರೆದು, ಮಿತಿಯನ್ನು ಮೊದಲೇ ಬರೆದಿಡಬೇಕು.